50 ಸಿಸಿ ಚೈನ್‌ಸಾಗೆ ನಾಲ್ಕು ಚೈನು: ಗಾಳಿಗೆ ಬಿದ್ದ ಅಡಿಕೆ, ಅಕೇಶಿಯಾ, ಹಲಸು ಕೊಯ್ದ ಕಥೆ

ಜುಲೈ ಎರಡನೇ ವಾರದ ಗಾಳಿಗೆ ನಮ್ಮ ತೋಟದಲ್ಲಿ ಹನ್ನೊಂದು ಅಡಿಕೆ ಮರ ಬಿದ್ದವು. ಒಂದು ತೆಂಗು ಅರ್ಧಕ್ಕೆ ಮುರಿಯಿತು. ಬೇಣದ (ತೋಟದ ಪಕ್ಕದ ಹುಲ್ಲಿನ ಜಾಗದ) ಅಂಚಿನ ಎರಡು ಅಕೇಶಿಯಾ ಬೇಲಿ ಮೇಲೆ ಮಲಗಿದವು. ಮನೆ ಹಿಂದಿನ ಹಳೇ ಹಲಸು ಬುಡಸಮೇತ ಕಿತ್ತು ಬಿತ್ತು. ತೀರ್ಥಹಳ್ಳಿ ಕಡೆಯವರಿಗೆ ಇದು ಹೊಸದಲ್ಲ. ಮಳೆ ಕುಡಿದು ಮೆತ್ತಗಾದ ಮಣ್ಣು, ಅದರ ಮೇಲೆ ಒಂದು ರಾತ್ರಿಯ ಗಾಳಿ. ಅಷ್ಟೇ ಸಾಕು.

ಇಷ್ಟೂ ಕೆಲಸಕ್ಕೆ ಮನೆಯಲ್ಲಿ ಇದ್ದದ್ದು ಒಂದೇ ಚೈನ್‌ಸಾ. 50 ಸಿಸಿ, ಬಾರು (ಚೈನು ಸುತ್ತಿ ಓಡುವ ಉದ್ದ ಲೋಹದ ಪಟ್ಟಿ), ಚೈನು ಬಿಟ್ಟು ಸುಮಾರು 5 ಕೆಜಿ. ಅದಕ್ಕೆ 18 ಇಂಚಿನ ಒಂದು ಬಾರು, ಒಂದು ಚೈನು. ಎರಡು ವರ್ಷದಿಂದ ಎಲ್ಲದಕ್ಕೂ ಅದೇ.

ಮೊದಲ ದಿನ ಅಡಿಕೆಗೆ ಕೈ ಹಾಕಿದೆ. ಏಳನೇ ಮರಕ್ಕೆ ಬರುವಷ್ಟರಲ್ಲಿ ಮೆಶಿನ್ ಕೊಯ್ಯುವುದು ಬಿಟ್ಟು ಉಜ್ಜಲು ಶುರು ಮಾಡಿತ್ತು. ಚಕ್ಕೆ ಹಾರುವ ಬದಲು ಹಿಟ್ಟು ಉದುರುತ್ತಿತ್ತು. ಹಾಗೇ ಅಕೇಶಿಯಾಕ್ಕೆ ಇಟ್ಟೆ. ಹೊಗೆ ಬಂತು. ಕೊಯ್ತ ನೇರ ಇಳಿಯದೆ ಬಲಕ್ಕೆ ಬಾಗಿತು. ಮೆಶಿನ್ನಿನ ಮೇಲೆ ಭಾರ ಹಾಕಿದೆ. ಅಪ್ಪಯ್ಯ ಬೇಲಿ ಆಚೆಯಿಂದ ನೋಡುತ್ತಿದ್ದರು. "ಅಷ್ಟು ಅದುಮಬೇಡ ಮಾರಾಯ. ಹರಿತ ಇದ್ದರೆ ಅದೇ ಇಳೀತದೆ" ಅಂದರು.

ಸರಿ ಅಂತ ಅಲ್ಲಿಗೇ ನಿಲ್ಲಿಸಿದೆ. ಆಮೇಲಿನ ಮೂರು ದಿನ ಮರ ಕೊಯ್ಯಲಿಲ್ಲ, ಮೆಶಿನ್ ಬಿಚ್ಚಿದೆ. ಆ ಮೂರು ದಿನ, ಅದರ ನಂತರದ ಮೂರು ವಾರ ನಾನು ಮಾಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಮೆಶಿನ್ ಇನ್ನೊಂದು ಕೊಳ್ಳಬೇಕು ಅಂತ ಯೋಚಿಸುವವರು ಒಮ್ಮೆ ಓದಿ. ಮರ ಕೊಯ್ಯುವುದು ಚೈನು. ಎಂಜಿನ್ ಅದನ್ನು ಓಡಿಸುತ್ತದೆ ಅಷ್ಟೇ.

ಬಿಚ್ಚಿದಾಗ ಕಂಡದ್ದು

ಪಕ್ಕದ ಕವರ್ ತೆಗೆದೆ. ಒಳಗೆ ಅಡಿಕೆ ನಾರು ಎಣ್ಣೆ ಜೊತೆ ಸೇರಿ ಕಂಬಳಿ ಹಾಗೆ ಗಟ್ಟಿಯಾಗಿ ಕೂತಿತ್ತು. ಬಾರಿಗೆ ಎಣ್ಣೆ ಬರುವ ತೂತು ಪೂರ್ತಿ ಮುಚ್ಚಿತ್ತು. ಟ್ಯಾಂಕಿನಲ್ಲಿ ಎಣ್ಣೆ ಯಾಕೆ ಖಾಲಿ ಆಗುತ್ತಿಲ್ಲ ಅಂತ ಆಗಲೇ ಯೋಚಿಸಬೇಕಿತ್ತು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಚೈನ್ ಆಯಿಲ್ ಕೂಡ ಹತ್ತಿರ ಹತ್ತಿರ ಒಂದು ಟ್ಯಾಂಕ್ ಖರ್ಚಾಗಬೇಕು. ಆಗದಿದ್ದರೆ ಎಲ್ಲೋ ಕಟ್ಟಿದೆ ಅಂತಲೇ ಅರ್ಥ.

ಹಳೇ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಬಾರಿನ ಗಾಡಿ, ಅಂದರೆ ಚೈನು ಓಡುವ ಸೀಳು, ಕೆರೆದೆ. ತೂತಿಗೆ ತಂತಿ ಹಾಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಆಮೇಲೆ ಬಾರನ್ನು ನಿಲ್ಲಿಸಿ ಮೂಲೆಮಟ್ಟ ಇಟ್ಟು ನೋಡಿದೆ. ಗಾಡಿಯ ಎರಡು ಅಂಚಿನಲ್ಲಿ ಒಂದು ಅಂಚು ಸ್ಪಷ್ಟವಾಗಿ ತಗ್ಗಿತ್ತು. ಎರಡು ವರ್ಷ ಬಾರನ್ನು ಒಂದು ಸಲವೂ ಮಗುಚಿ ಹಾಕಿರಲಿಲ್ಲ. ಕೊಯ್ಯುವಾಗ ಭಾರವೆಲ್ಲ ಬಾರಿನ ಕೆಳಗಿನ ಅಂಚಿನ ಮೇಲೆ ಬೀಳುತ್ತದೆ, ಅಲ್ವಾ? ಅದಕ್ಕೇ ಆಗಾಗ ಮೇಲಿನದ್ದು ಕೆಳಗೆ ಮಾಡಬೇಕು. ಚಪ್ಪಟೆ ಅರದಿಂದ ಎರಡೂ ಅಂಚು ಸಮ ಮಾಡಿದೆ. ಬದಿಗೆ ಚಾಚಿದ್ದ ಚೂಪು ಸಿಬಿರುಗಳನ್ನೂ ತೆಗೆದೆ.

ಇನ್ನು ಚೈನು. ವರ್ನಿಯರ್ ಹಿಡಿದು ಹಲ್ಲು ಅಳೆದೆ. ಬಲಬದಿಯ ಹಲ್ಲುಗಳು ಎಡಬದಿಗಿಂತ ಹತ್ತಿರ ಹತ್ತಿರ 1 ಮಿಮೀ ಉದ್ದ ಇದ್ದವು. ಒಂದು ಕಡೆ ಕೈ ಸರಾಗವಾಗಿ ಓಡುತ್ತದೆ, ಇನ್ನೊಂದು ಕಡೆ ಅಡ್ಡಾದಿಡ್ಡಿ ಆಗುತ್ತದೆ. ವರ್ಷಗಟ್ಟಲೆ ಹಾಗೆ ಅರ ಹಾಕಿದರೆ ಹೀಗೇ ಆಗುವುದು. ಉದ್ದ ಹಲ್ಲಿನ ಕಡೆಗೆ ಚೈನು ಎಳೆಯುತ್ತದೆ. ಕೊಯ್ತ ಬಲಕ್ಕೆ ಬಾಗಿದ್ದಕ್ಕೆ ಬಾರಿನ ತಗ್ಗು ಅರ್ಧ ಕಾರಣ, ಈ ಹಲ್ಲು ಇನ್ನರ್ಧ. ಅತಿ ಗಿಡ್ಡ ಹಲ್ಲು ಯಾವುದೋ ಅದನ್ನು ಮೊದಲು ಗುರುತು ಮಾಡಿಕೊಂಡೆ. ಉಳಿದ ಎಲ್ಲವನ್ನೂ ಅದರ ಅಳತೆಗೆ ಇಳಿಸಿದೆ. ಎರಡು ಗಂಟೆ ಬೇಕಾಯಿತು.

ಚೈನು ಓಡಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಕೂಡ ಸವೆದಿತ್ತು. ಚೈನಿನ ಕೆಳಗೆ ಚಾಚಿದ ಡ್ರೈವ್ ಲಿಂಕ್ ಕೂರುವ ಕಡೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ತೋಡು ಬಿದ್ದಿದ್ದರೆ ಬದಲಿಸಲೇಬೇಕು. ಇಲ್ಲದಿದ್ದರೆ ಹೊಸ ಚೈನನ್ನೂ ಅದು ಬೇಗ ಹಾಳು ಮಾಡುತ್ತದೆ. ನನ್ನ ಮೆಶಿನ್ನಿನಲ್ಲಿ ಕ್ಲಚ್ ಹೊರಗಡೆ ಇದೆ, ಅದರ ಮರೆ (ಥ್ರೆಡ್) ಉಲ್ಟಾ. ಅಂದರೆ ಗಡಿಯಾರದ ಮುಳ್ಳು ಓಡುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಎಷ್ಟೋ ಜನ ಬಿಗಿ ಮಾಡಿ ಮುರಿಯುತ್ತಾರೆ. ಪಿಸ್ಟನ್ ಅಲುಗದ ಹಾಗೆ ಹಿಡಿಯಲು ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ನೈಲಾನ್ ಹಗ್ಗದ ಒಂದು ಗೇಣು ಒಳಗೆ ಬಿಟ್ಟೆ. ಹಗ್ಗದ ಇನ್ನೊಂದು ತುದಿ ಹೊರಗೇ ಇರಲಿ. ಪಿಸ್ಟನ್ನಿಗೆ ಪೆಟ್ಟಾಗದೆ ಕೆಲಸ ಆಗುತ್ತದೆ. ಹೊಸ 7 ಹಲ್ಲಿನ ಸ್ಪ್ರಾಕೆಟ್ ಹಾಕಿದೆ. ಪ್ಲಗ್ ಗ್ಯಾಪ್ 0.5 ಮಿಮೀ ಇಟ್ಟು, ಏರ್ ಫಿಲ್ಟರ್ ತೊಳೆದು ಒಣಗಿಸಿದೆ.

ಅಂಗಡಿಯಲ್ಲಿ ಹೇಳಬೇಕಾದ ಮೂರು ಸಂಖ್ಯೆ

ಹೊಸ ಚೈನು ತರಲು ಪೇಟೆಗೆ ಹೋದೆ. "18 ಇಂಚಿಂದು ಕೊಡಿ" ಅಂದೆ. ಕೊಟ್ಟರು. ಮನೆಗೆ ತಂದು ಹಾಕಿದರೆ ಸ್ಪ್ರಾಕೆಟ್ಟಿನ ಮೇಲೆ ಕೂರುವುದೇ ಇಲ್ಲ. ಅದು 3/8 ಪಿಚ್ಚಿನ ಚೈನು, ನನ್ನದು .325. ಇಂಚು ಹೇಳಿ ಚೈನು ಕೇಳಿದರೆ ಹೀಗೇ. ಇಂಚು ಬಾರಿನ ಉದ್ದ ಹೇಳುತ್ತದೆ, ಚೈನಿನ ಬಗ್ಗೆ ಏನೂ ಹೇಳುವುದಿಲ್ಲ.

ಚೈನಿಗೆ ಬೇಕಾದದ್ದು ಮೂರು ಸಂಖ್ಯೆ. ಮೊದಲನೆಯದು ಪಿಚ್. ಸಾಲಾಗಿ ಮೂರು ರಿವೆಟ್ ತೆಗೆದುಕೊಂಡು ಮೊದಲನೆಯದರಿಂದ ಮೂರನೆಯದರವರೆಗೆ ಅಳೆದು ಅರ್ಧ ಮಾಡಿ. ಅದು ಪಿಚ್. ಎರಡನೆಯದು ಗೇಜ್, ಅಂದರೆ ಬಾರಿನ ಗಾಡಿಯಲ್ಲಿ ಓಡುವ ಡ್ರೈವ್ ಲಿಂಕಿನ ದಪ್ಪ. 1.3, 1.5, 1.6 ಮಿಮೀ, ಹೀಗೆ ಬರುತ್ತದೆ. ತೆಳ್ಳಗಿನ ಚೈನನ್ನು ಅಗಲ ಗಾಡಿಗೆ ಹಾಕಿದರೆ ಕೂರುತ್ತದೆ, ಆದರೆ ಓಲಾಡುತ್ತದೆ, ಬಾರು ಹಾಳಾಗುತ್ತದೆ. ಮೂರನೆಯದು ಡ್ರೈವ್ ಲಿಂಕುಗಳ ಎಣಿಕೆ. ನನ್ನ 18 ಇಂಚಿನ ಬಾರಿಗೆ .325 ಪಿಚ್, 1.5 ಮಿಮೀ ಗೇಜ್, 72 ಲಿಂಕ್. ಆಮೇಲೆ ತಂದ 16 ಇಂಚಿನ ಬಾರಿಗೆ ಪಿಚ್, ಗೇಜ್ ಅದೇ, ಲಿಂಕ್ 66. ಬೇರೆ ಕಂಪನಿಯ ಬಾರಿಗೆ ಎಣಿಕೆ ಬೇರೆ ಇರಬಹುದು, ನಿಮ್ಮ ಹಳೇ ಚೈನನ್ನೇ ಎಣಿಸಿ. ಈ ಮೂರು ಸಂಖ್ಯೆಯನ್ನು ನಾನು ಈಗ ಮೆಶಿನ್ನಿನ ಕವರಿನ ಒಳಬದಿಯಲ್ಲಿ ಮಾರ್ಕರಿನಿಂದ ಬರೆದಿಟ್ಟಿದ್ದೇನೆ.

ಹಲ್ಲಿನ ಆಕಾರದ ಬಗ್ಗೆ ಒಂದು ಮಾತು. ಈಗಿನ ಚೈನಿನ ಹಲ್ಲು ಹುಟ್ಟಿದ್ದು ಒಂದು ಹುಳದಿಂದ. ಅಮೆರಿಕದ ಒರೆಗಾನ್‌ನಲ್ಲಿ ಮರ ಕೊಯ್ಯುತ್ತಿದ್ದ ಜೋ ಕಾಕ್ಸ್ ಎಂಬಾತ 1946ರಲ್ಲಿ ಒಂದು ಕೊರಡಿನಲ್ಲಿ ಮರ ಕೊರೆಯುವ ಹುಳ ನೋಡಿದ. ಅದು ಎಡ ಬಲ ದವಡೆ ಆಡಿಸುತ್ತ ಮರ ತಿನ್ನುತ್ತಿತ್ತು. ಅದನ್ನೇ ನೋಡಿಕೊಂಡು ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲಿನ ಚೈನು ಮಾಡಿದ. 1947ರಿಂದ ಮಾರಿದ. ಇವತ್ತು ನಮ್ಮ ಕೈಯಲ್ಲಿರುವುದೂ ಅದೇ ಬಗೆಯದು. ಕಾಫಿ ಗಿಡಕ್ಕೆ ಬರುವ ಕಾಂಡಕೊರಕದ ಮೇಲೆ ನಮಗೆ ಇರುವುದು ಸಿಟ್ಟು ಮಾತ್ರ. ಅಂಥದ್ದೇ ಒಂದು ಹುಳದಿಂದ ಒಬ್ಬ ಪಾಠ ಕಲಿತ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಹಲ್ಲಿನ ಮೂಲೆ ಚೂಪಾಗಿದ್ದರೆ ಫುಲ್ ಚಿಸೆಲ್, ದುಂಡಗಿದ್ದರೆ ಸೆಮಿ ಚಿಸೆಲ್. ಫುಲ್ ಚಿಸೆಲ್ ಹಸಿ ಮರದಲ್ಲಿ ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯುತ್ತದೆ. ಆದರೆ ಮಣ್ಣು, ಮರಳು ಸೋಕಿದರೆ ಆ ಚೂಪು ಮೂಲೆ ಮೊದಲು ಹೋಗುತ್ತದೆ. ಸೆಮಿ ಚಿಸೆಲ್ ಸ್ವಲ್ಪ ನಿಧಾನ. ಹರಿತ ಮಾತ್ರ ಬಹಳ ಹೊತ್ತು ನಿಲ್ಲುತ್ತದೆ.

ಅಡಿಕೆ, ತೆಂಗು

ಇವಕ್ಕೆ 16 ಇಂಚಿನ ಬಾರು, ಸೆಮಿ ಚಿಸೆಲ್ ಚೈನು. ಹಸಿರು ಪೇಂಟಿನ ಗುರುತು.

ಅಡಿಕೆ, ತೆಂಗು ನೋಡಲು ಮೆತ್ತಗೆ. ಆದರೆ ತಾಳೆ ಜಾತಿಯ ಮರದಲ್ಲಿ ಸಿಲಿಕಾ ಇರುತ್ತದೆ, ಮರಳಿನಲ್ಲಿ ಇರುವುದೂ ಅದೇ. ಹೊರಗಿನ ಗಟ್ಟಿ ಭಾಗ ಕೊಯ್ಯುವಾಗ ಚೈನಿಗೆ ಅರದ ಮೇಲೆ ಉಜ್ಜಿದ ಹಾಗೆ ಆಗುತ್ತದೆ. ಮೊದಲ ದಿನ ಏಳನೇ ಮರಕ್ಕೆ ಚೈನು ಮೊಂಡಾದದ್ದು ಇದರಿಂದಲೇ. ಸೆಮಿ ಚಿಸೆಲ್ ಹಾಕಿದ ಮೇಲೆ ಉಳಿದ ನಾಲ್ಕು ಅಡಿಕೆ, ಇಡೀ ತೆಂಗು ಒಂದೇ ಹರಿತದಲ್ಲಿ ಮುಗಿಯಿತು. ನಡುವೆ ಎರಡು ಸಲ ಕವರ್ ತೆಗೆದು ನಾರು ಬಿಡಿಸಿದೆ. ಇದಕ್ಕೆ ಬೇರೆ ದಾರಿ ಇಲ್ಲ. ನಾಲ್ಕೈದು ಮರಕ್ಕೊಮ್ಮೆ ಬಿಚ್ಚಲೇಬೇಕು.

ಅಡಿಕೆ ಮರವನ್ನು ಸೌದೆ ಅಳತೆಗೆ ತುಂಡು ಮಾಡಬೇಡಿ. ದಬ್ಬೆಗೆ (ಸೀಳಿದ ಅಡಿಕೆ ಪಟ್ಟಿಗೆ) ಬೇಕಾದಷ್ಟು ಉದ್ದ ಬಿಟ್ಟು ಕೊಯ್ಯಿರಿ. ಸೀಳುವುದಕ್ಕೆ ಚೈನ್‌ಸಾ ಬೇಡವೇ ಬೇಡ. ಕೊಡಲಿ, ಒಂದು ಬೆಣೆ ಇದ್ದರೆ ನೂಲು ಹಿಡಿದ ಹಾಗೆ ಸೀಳುತ್ತದೆ. ಈ ಸಲದ ದಬ್ಬೆ ಹಳ್ಳ ದಾಟುವ ಕಾಲುಸಂಕಕ್ಕೆ ಬಂತು.

ಬೇಲಿ ಮೇಲಿನ ಅಕೇಶಿಯಾ

ಇದಕ್ಕೆ 18 ಇಂಚಿನ ಬಾರು, ಫುಲ್ ಚಿಸೆಲ್. ಕೆಂಪು ಗುರುತು. ಹಸಿ ಮರ, ಮಣ್ಣು ತಾಗದ ಮರ, ಇದಕ್ಕೆ ಮಾತ್ರ ಈ ಚೈನು. ಕಾಫಿ ಸೀಮೆಯವರು ಸಿಲ್ವರ್ ಓಕ್ ಕೊಯ್ಯಲೂ ಇದನ್ನೇ ಇಟ್ಟುಕೊಳ್ಳಬಹುದು.

.325 ಚೈನಿಗೆ 4.8 ಮಿಮೀ ದುಂಡು ಅರ. ಕೋನ 30 ಡಿಗ್ರಿ. ಅರದ ಐದನೇ ಒಂದು ಭಾಗ ಹಲ್ಲಿಗಿಂತ ಮೇಲೆ ಇರಬೇಕು. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ಹಿಂದಕ್ಕೆ ಎಳೆಯುವಾಗ ಎತ್ತಿ. ಪ್ರತಿ ಹಲ್ಲಿಗೆ ಎಣಿಸಿ ಅಷ್ಟೇ ಸಲ. ನಾನು ಮೂರು ಸಲ ಹಾಕುತ್ತೇನೆ, ಪ್ರತಿ ಟ್ಯಾಂಕ್ ಪೆಟ್ರೋಲಿಗೆ ಒಮ್ಮೆ. ಪೂರ್ತಿ ಮೊಂಡಾಗುವ ತನಕ ಕಾದರೆ ಇಪ್ಪತ್ತು ಸಲ ಹಾಕಿದರೂ ಸಾಲದು.

ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ, ರೇಕರ್ ಅಂತಾರೆ. ಹಲ್ಲು ಒಂದು ಸಲಕ್ಕೆ ಎಷ್ಟು ದಪ್ಪ ಚಕ್ಕೆ ಎಬ್ಬಿಸಬೇಕು ಅನ್ನುವುದನ್ನು ಅದು ತೀರ್ಮಾನ ಮಾಡುತ್ತದೆ. ಹಲ್ಲಿಗಿಂತ 0.65 ಮಿಮೀ ತಗ್ಗಿರಬೇಕು. ಹಲ್ಲು ಅರ ಹಾಕಿ ಹಾಕಿ ಸವೆದ ಹಾಗೆ ಈ ತಗ್ಗು ಕಡಿಮೆ ಆಗುತ್ತ ಬರುತ್ತದೆ. ಆಗ ಹಲ್ಲು ಎಷ್ಟು ಹರಿತ ಇದ್ದರೂ ಚೈನು ಮರದ ಮೇಲೆ ಜಾರುತ್ತದೆ. ರೇಕರ್ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಇಳಿಸಬೇಡಿ. ಜಾಸ್ತಿ ಇಳಿಸಿದರೆ ಮೆಶಿನ್ ಮರ ಕಚ್ಚಿ ಎಗರುತ್ತದೆ. ಹೋದ ವರ್ಷದ ಒಣ ಅಕೇಶಿಯಾ ಕೊರಡು ಕಲ್ಲಿನ ಹಾಗಿತ್ತು. ಅದಕ್ಕೆ ಹಸಿರು ಗುರುತಿನ ಸೆಮಿ ಚಿಸೆಲ್ಲೇ ಹಾಕಿದೆ. ಅದರ ರೇಕರ್ ಮಾತ್ರ 0.5 ಮಿಮೀಗೆ ಬಿಟ್ಟಿದ್ದೇನೆ. 50 ಸಿಸಿ ಎಂಜಿನ್ನು ಗಟ್ಟಿ ಮರದಲ್ಲಿ ದಪ್ಪ ಚಕ್ಕೆ ಎಳೆಯಲಾರದೆ ನಿಂತುಬಿಡುತ್ತದೆ. ತೆಳ್ಳಗಿನ ಚಕ್ಕೆಯಾದರೆ ವೇಗ ಬಿಡದೆ ಓಡುತ್ತದೆ.

ಬೇಲಿ ಮೇಲೆ ಬಿದ್ದ ಮರ ಬಿಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ. ಕೊಯ್ಯುವ ಮೊದಲು ಸುತ್ತ ಒಮ್ಮೆ ನಡೆದು ನೋಡಿ. ಎರಡೂ ತುದಿಗೆ ಆಸರೆ ಇದ್ದರೆ ಮರದ ಮೇಲ್ಭಾಗ ಅದುಮಿಕೊಂಡಿರುತ್ತದೆ. ಮೊದಲು ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದು ಕೆಳಗಿನಿಂದ. ಒಂದೇ ತುದಿಗೆ ಆಸರೆ ಇದ್ದರೆ ಇದರ ಉಲ್ಟಾ. ತಪ್ಪಿದರೆ ಬಾರು ಸಿಕ್ಕಿಬೀಳುತ್ತದೆ, ಇಲ್ಲ ಮರ ಸಿಡಿಯುತ್ತದೆ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕೂ ತಾಗದಿರಲಿ, ಅಲ್ಲಿ ತಾಗಿದರೆ ಮೆಶಿನ್ ಮುಖದ ಕಡೆ ಹಾರುತ್ತದೆ. ಹೆಲ್ಮೆಟ್, ಕಿವಿಗೆ ಮಫ್, ಕಾಲಿಗೆ ಚೈನ್‌ಸಾ ಚಾಪ್ಸ್ ಇಲ್ಲದೆ ನಾನು ಸ್ಟಾರ್ಟ್ ಮಾಡುವುದಿಲ್ಲ. ಲುಂಗಿ ಉಟ್ಟು ಕೊಯ್ಯುವವರನ್ನು ನೋಡಿದರೆ ನನಗೆ ಜೀವ ಝಲ್ ಅನ್ನುತ್ತದೆ.

ಎಣ್ಣೆ, ಪೆಟ್ರೋಲ್, ಟ್ಯೂನಿಂಗ್

ಲೀಟರ್ ಪೆಟ್ರೋಲಿಗೆ 20 ಎಂಎಲ್ ಒಳ್ಳೇ ಟೂ ಸ್ಟ್ರೋಕ್ ಆಯಿಲ್, ಅಂದರೆ 50ಕ್ಕೆ 1. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದು ನೀರು ಹೀರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಕೇಳಬೇಕೇ? ಆ ವಾರಕ್ಕೆ ಬೇಕಾದಷ್ಟೇ ಕಲಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವ ತನಕ ಓಡಿಸಿ ಇಡಿ.

ಬಾರಿಗೆ ವಾಹನದಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಹಾಕುವುದು ನಮ್ಮ ಕಡೆ ರೂಢಿ. ನಾನೂ ಹಾಕಿದ್ದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಆಯಿಲ್ ಪಂಪ್ ತಿನ್ನುತ್ತದೆ. ತೋಟದ ಮಣ್ಣಿಗೆ ಬೀಳುವುದೂ ಅದೇ. ಈಗ ಚೈನ್ ಆಯಿಲ್ ಮಾತ್ರ. ಹೊಸ ಬಾರು ಹಾಕಿದಾಗಲೆಲ್ಲ ಬಾರಿನ ತುದಿಯನ್ನು ಒಂದು ಗೇಣು ದೂರದಲ್ಲಿ ರಟ್ಟಿನ ಕಡೆ ಹಿಡಿದು ಮುಕ್ಕಾಲು ಥ್ರಾಟಲ್ ಕೊಡಿ. ಒಂದು ನಿಮಿಷದೊಳಗೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಕಾಣಬೇಕು.

ಚೈನ್ ಬಿಗಿ ಮಾಡುವಾಗ ಬಾರಿನ ತುದಿ ಎತ್ತಿ ಹಿಡಿದು ನಟ್ ಬಿಗಿ ಮಾಡಿ. ಚೈನು ಕೆಳಗಡೆ ಜೋಲಬಾರದು, ಕೈಯಲ್ಲಿ ಎಳೆದರೆ ಓಡಬೇಕು. ಬಿಸಿ ಇದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲ ಮಾಡಿ. ತಣಿದಾಗ ಅದು ಕುಗ್ಗುತ್ತದೆ.

ಹಲಸು

ಇದು ನನಗೆ ಮನಸ್ಸಿನ ಕೆಲಸ. ಅಜ್ಜ ನೆಟ್ಟ ಮರ. ಸೌದೆ ಮಾಡಲು ಮನಸ್ಸು ಬರಲಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಬಂದು ನೋಡಿಕೊಂಡು ಹೋದ ಮೇಲೆ ಹಲಗೆ ತೆಗೆಯಲು ತೊಡಗಿದೆ.

ಮೊದಲ ಎಚ್ಚರಿಕೆ: ಕಿತ್ತುಬಿದ್ದ ಮರವನ್ನು ಬುಡದ ಹತ್ತಿರ ಕೊಯ್ದರೆ ಬೇರು, ಮಣ್ಣಿನ ಗುಡ್ಡೆ ಧಡಕ್ಕನೆ ಮತ್ತೆ ಹೊಂಡಕ್ಕೆ ಕೂರುತ್ತದೆ. ಅದರ ಹಿಂದೆ ಯಾರೂ ನಿಂತಿರಬಾರದು. ಮಕ್ಕಳನ್ನು ಮನೆಯೊಳಗೆ ಕಳಿಸಿದೆ. ಗುಡ್ಡೆಗೆ ಎರಡು ಗಟ್ಟಿ ಗೂಟ ಆನಿಸಿ, ಬುಡದಿಂದ ನಾಲ್ಕು ಅಡಿ ಬಿಟ್ಟು ಕೊಯ್ದೆ.

ಅಡ್ಡ ಕೊಯ್ಯುವ ಚೈನಿನಲ್ಲಿ ಉದ್ದಕ್ಕೆ ಹಲಗೆ ಕೊಯ್ದರೆ ಮೇಲ್ಮೈ ಬಾಚಿದ ಹಾಗೆ ಒರಟಾಗುತ್ತದೆ, ಮೆಶಿನ್ನಿಗೂ ತ್ರಾಸ. ಉದ್ದ ಕೊಯ್ಯಲು 10 ಡಿಗ್ರಿ ಕೋನ ಬೇಕು. ರಿಪ್ಪಿಂಗ್ ಚೈನು ಅಂತಲೇ ಸಿಗುತ್ತದೆ. ನಾನು ಆ ಎರಡು ವರ್ಷದ ಹಳೇ ಚೈನನ್ನೇ 30ರಿಂದ 10 ಡಿಗ್ರಿಗೆ ಅರ ಹಾಕಿ ತಂದೆ. ಹಳದಿ ಗುರುತು. ಒಂದು ಇಡೀ ಸಂಜೆ ಹೋಯಿತು. ಹಲ್ಲಿನ ಆಯಸ್ಸೂ ಸ್ವಲ್ಪ ಹೋಯಿತು. ಹಲಗೆ ಕೆಲಸ ಜಾಸ್ತಿ ಇರುವವರು ಹೊಸದೇ ಕೊಳ್ಳುವುದು ಒಳ್ಳೆಯದು. ರೇಕರ್ 0.5.

18 ಇಂಚಿನ ಬಾರಿಗೆ ಹಲಗೆ ಕೊಯ್ಯುವ ಚೌಕಟ್ಟು ಕಟ್ಟಿದರೆ ಕೊಯ್ಯಲು ಸಿಗುವುದು 13–14 ಇಂಚು. 50 ಸಿಸಿಗೆ ಅದಕ್ಕಿಂತ ಅಗಲ ನ್ಯಾಯವೂ ಅಲ್ಲ. ನನ್ನ ನಾಟಾ (ಹಲಗೆ ಕೊಯ್ಯುವ ದಿಮ್ಮಿ) ಏಳು ಅಡಿ ಉದ್ದ, ಬದಿ ತೆಗೆದ ಮೇಲೆ 12 ಇಂಚು ಅಗಲ. ಮೊದಲ ಕೊಯ್ತಕ್ಕೆ ನೇರವಾದ ಒಂದು ಅಲ್ಯೂಮಿನಿಯಂ ಏಣಿಯನ್ನು ನಾಟಾದ ಮೇಲೆ ಕಟ್ಟಿದೆ. ಚೌಕಟ್ಟು ಅದರ ಮೇಲೆ ಜಾರಿತು. ಮೊದಲ ಕೊಯ್ತ ಸಮ ಬಂದರೆ ಉಳಿದದ್ದೆಲ್ಲ ಸಮ.

ಈ ಕೆಲಸದಲ್ಲಿ ಎಂಜಿನ್ ಹತ್ತು ಹನ್ನೆರಡು ನಿಮಿಷ ಬಿಡದೆ ಪೂರ್ತಿ ಥ್ರಾಟಲ್‌ನಲ್ಲಿ ಓಡುತ್ತದೆ. ಅಡ್ಡ ಕೊಯ್ಯುವಾಗ ಹಾಗಿಲ್ಲ, ನಡು ನಡುವೆ ಉಸಿರು ಸಿಗುತ್ತದೆ. ಅದಕ್ಕೆ ಕಾರ್ಬುರೇಟರಿನ ಎಚ್ ಸ್ಕ್ರೂ ಸ್ವಲ್ಪವೇ ಬಿಚ್ಚಿ ಪೆಟ್ರೋಲ್ ಜಾಸ್ತಿ ಬರುವ ಹಾಗೆ ಮಾಡಿದೆ. ಪೆಟ್ರೋಲ್ ಜೊತೆ ಆಯಿಲ್ಲೂ ಹೋಗುತ್ತದೆ, ಸಿಲಿಂಡರ್ ತಣ್ಣಗಿರುತ್ತದೆ. ಪ್ರತಿ ಕೊಯ್ತ ಮುಗಿದ ಮೇಲೆ ತಕ್ಷಣ ಆರಿಸದೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟೆ. ಐಡಲ್‌ನಲ್ಲಿ ಚೈನು ತಿರುಗಬಾರದು, ತಿರುಗಿದರೆ ಐಡಲ್ ಸ್ಕ್ರೂ ಇಳಿಸಬೇಕು. ಹೊಟ್ಟು ಮೈದಾ ಹಾಗೆ ನುಣುಪು. ಎರಡು ಕೊಯ್ತಕ್ಕೊಮ್ಮೆ ಏರ್ ಫಿಲ್ಟರ್ ಕೊಡವಿದೆ. ಮೂಗಿಗೆ ಮಾಸ್ಕ್.

ಮೇಣದ್ದೇ ಒಂದು ಕಷ್ಟ. ಹಸಿ ಹಲಸಿನ ತೊಗಟೆ ಮೇಣ ಚೈನಿಗೆ ಅಂಟಿ ಲಿಂಕುಗಳು ಬಿಗಿಯಾದವು. ಮೊದಲ ಹಲಗೆ ಆದ ಮೇಲೆ ಕೊಡಲಿಯಿಂದ ತೊಗಟೆಯನ್ನೆಲ್ಲ ತೆಗೆದೆ. ಚೈನು ಬಿಚ್ಚಿ ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ಬ್ರಶ್ ಹಾಕಿ ತಿಕ್ಕಿ, ಮತ್ತೆ ಚೈನ್ ಆಯಿಲ್‌ನಲ್ಲಿ ಅದ್ದಿದೆ. ಅಲ್ಲಿಂದ ಮುಂದೆ ತೊಂದರೆ ಬರಲಿಲ್ಲ.

ಒಂದೂವರೆ ಇಂಚು ದಪ್ಪದ ಐದು ಹಲಗೆ ಬಂತು. ಪ್ರತಿ ಕೊಯ್ತದಲ್ಲಿ ಸುಮಾರು 8 ಮಿಮೀ ಹೊಟ್ಟಾಗಿ ಹೋಗುತ್ತದೆ. ಐದು ಕೊಯ್ತಕ್ಕೆ ಒಂದು ಹಲಗೆ ಹೋಯಿತು ಅಂತಲೇ ಲೆಕ್ಕ. ಮಿಲ್ಲಿಗೆ ಸಾಗಿಸಿದ್ದರೆ ಇಷ್ಟು ಹೋಗುತ್ತಿರಲಿಲ್ಲ. ಆದರೆ ಆ ಮಳೆಯಲ್ಲಿ ನಾಟಾ ರಸ್ತೆಗೆ ಎಳೆಯಲು ಆಗುತ್ತಿರಲಿಲ್ಲ. ಹಲಗೆ ತೆರೆದಾಗ ಅರಿಶಿನದ ಬಣ್ಣ. ಅಪ್ಪಯ್ಯ ಕೈ ಆಡಿಸಿ ಸುಮ್ನೆ ನಿಂತರು. ಆಮೇಲೆ "ದೇವರ ಕೋಣೆ ಬಾಗಿಲಿಗೆ ಆಗ್ತದೆ" ಅಂದರು. ಹಲಗೆಯ ತುದಿಗಳಿಗೆ ಪೇಂಟ್ ಬಳಿದು, ನಡುವೆ ಒಣ ರೀಪು ಇಟ್ಟು, ಅಟ್ಟದಲ್ಲಿ ಪೇರಿಸಿದ್ದೇವೆ. ಇಂಚಿಗೆ ಒಂದು ವರ್ಷ ಒಣಗಲಿ ಅಂತ ಬಡಗಿ ಹೇಳಿದ್ದಾರೆ.

ಈಗ ಕೊಟ್ಟಿಗೆ ಗೋಡೆಯಲ್ಲಿ ಮೊಳೆ ಹೊಡೆದು ಮೂರು ಚೈನು ನೇತುಹಾಕಿದ್ದೇನೆ. ಹಸಿರು, ಕೆಂಪು, ಹಳದಿ. 13 ಇಂಚಿನ ಇನ್ನೊಂದು ಬಾರು ಬೇಕಾ ಅಂತ ಯೋಚಿಸಿದ್ದೆ. ಕೊಂಬೆ ಸವರಲು 16 ಇಂಚಿನದ್ದೇ ಸಾಕು, ತರಲಿಲ್ಲ.

ನಾಲ್ಕನೆಯದಕ್ಕೆ ಬಿಳಿ ಗುರುತು. ಪಕ್ಕದ ಮನೆ ಅಣ್ಣ ಕೊಟ್ಟ ಸವೆದ ಸೆಮಿ ಚಿಸೆಲ್ ಅದು, ಹಲ್ಲು ಇನ್ನು 4 ಮಿಮೀ ಉಳಿದಿರಬಹುದು. ಲಿಂಕ್ 66, ಗೇಜ್ 1.5, ನನ್ನ 16 ಇಂಚಿನ ಬಾರಿಗೆ ಸರಿಯಾಗಿ ಕೂರುತ್ತದೆ. ಹಲಸಿನ ಬುಡ ಇನ್ನೂ ಹೊಂಡದ ಪಕ್ಕದಲ್ಲೇ ಇದೆ, ಬೇರಿನ ಸಂದಿಯಲ್ಲೆಲ್ಲ ಮಣ್ಣು, ಕಲ್ಲು. ಒಳ್ಳೇ ಚೈನು ಅದರ ಹತ್ತಿರ ಒಯ್ಯುವುದಿಲ್ಲ. ಮಳೆ ಬಿಟ್ಟ ಮೇಲೆ ಪಂಪಿನ ಪೈಪ್ ಎಳೆದು ಬುಡ ತೊಳೆದು, ಬಿಳಿ ಚೈನು ಹಾಕಿ ಕೊಯ್ಯಬೇಕು.